ಹದಿನೇಳು ಕುಳಿ

ಕ್ವಾರಿಯ ಬಂಡೆಯಲ್ಲಿ ಕೊರೆದ ಹದಿನೇಳು ಕುಳಿಗಳಿಗೂ ಮದ್ದು ತುಂಬಿ, ಸಿಡಿಸುವ ತಂತಿಗಳನ್ನು ಮೇಸ್ತ್ರಿ ಹೊರಗೆ ಬಿಟ್ಟಿದ್ದ. ಅಷ್ಟರಲ್ಲಿ, ಹಾಡಹಗಲಲ್ಲೇ, ಪಡುವಣದಲ್ಲಿ ಮಿಂಚಿತು. ಅವನು ಎಣಿಸತೊಡಗಿದ. ಮೂವತ್ತರೊಳಗೆ ಗುಡುಗಿದರೆ ಜಾಗ ಬಿಡಬೇಕು. ಇಪ್ಪತ್ತಕ್ಕೇ ಗುಡುಗಿತು.

"ಎಲ್ಲಾ ಬಿಟ್ಟು ವ್ಯಾನ್ ಹತ್ತಿ, ಬಾಗಿಲು ಹಾಕ್ಕೊಳ್ಳಿ. ಮರದ ಕೆಳಗೆ ಯಾರೂ ನಿಲ್ಲಬೇಡಿ. ಸಿಡಿಲು ಬಡಿದ್ರೆ ಸ್ವಿಚ್ಚೇ ಬೇಕಾಗಿಲ್ಲ, ಅಷ್ಟೂ ಒಟ್ಟಿಗೆ ಹಾರ್ತವೆ."

ಆಳುಗಳು ಓಡಿದರು. ಅವನ ಭಾವ ಮಾತ್ರ ಕದಲಲಿಲ್ಲ. ಅಕ್ಕನ ಗಂಡ, ಕುಳಿ ಕೊರೆಯುವವನು, ಮೇಸ್ತ್ರಿಗೆ ಸುತ್ತಿಗೆ ಹಿಡಿಯಲು ಕಲಿಸಿದವನೂ ಅವನೇ. ಬಂಡೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಡ್ರಿಲ್ಲಿಂಗ್ ಮಷೀನಿನ ಪೈಪು ಬಿಚ್ಚುತ್ತಿದ್ದ.

"ಭಾವ, ಅದು ಅಲ್ಲೇ ಇರಲಿ. ಇಳೀರಿ."

"ಎರಡು ನಿಮಿಷ ಕಣೋ. ಇದು ಹಾಳಾದ್ರೆ ನಾಳೆ ನಿನ್ನ ಹಲ್ಲಲ್ಲಿ ಕೊರೀತೀಯಾ?"

ಮತ್ತೆ ಮಿಂಚು. ಈ ಸಲ ಎಣಿಕೆ ಎಂಟಕ್ಕೇ ನಿಂತಿತು. ಮೇಸ್ತ್ರಿ ಬಂಡೆ ಹತ್ತಿ ಭಾವನ ರಟ್ಟೆ ಹಿಡಿದೆಳೆದ. ಭಾವ ಕೈಯಲ್ಲಿದ್ದ ಸ್ಪಾನರ್ ಬೀಸಿದ. ಮೇಸ್ತ್ರಿಯ ಹುಬ್ಬು ಸೀಳಿತು.

"ನನ್ನ ಮೈ ಮುಟ್ಟೋವಷ್ಟು ದೊಡ್ಡವನಾದ್ಯಾ?"

ಕಣ್ಣಿಗೆ ರಕ್ತ ಇಳಿಯುತ್ತಿತ್ತು. ಇಷ್ಟು ವರ್ಷ ಭಾವನೆದುರು ದನಿ ಏರಿಸದವನು ಮುಷ್ಟಿ ಬಿಗಿದು ದವಡೆಗೆ ಗುದ್ದಿದ. ಮೂಳೆ ಲಟಕ್ಕೆಂದಿತು. ಕುಸಿದವನನ್ನು ಕಾಲರ್ ಹಿಡಿದು ಜಲ್ಲಿಯ ಮೇಲೆ ದರದರನೆ ಎಳೆದೊಯ್ದು, ಮೂಟೆಯಂತೆ ವ್ಯಾನಿನೊಳಗೆ ತುರುಕಿ, ತಾನೂ ಹತ್ತಿ, "ಹೊರಡು" ಎಂದು ಡ್ರೈವರನಿಗೆ ಕೂಗಿದ.

ವ್ಯಾನು ತಿರುವು ದಾಟುವ ಮೊದಲೇ ಸಿಡಿಲು ಬಂಡೆಗೆ ಬಡಿಯಿತು. ಬೆಳಕೂ ಸದ್ದೂ ಒಟ್ಟಿಗೇ ಬಂದವು. ಹದಿನೇಳು ಕುಳಿಗಳೂ ಸಿಡಿದವು. ತಲೆ ಗಾತ್ರದ ಕಲ್ಲೊಂದು ಹಿಂದಿನ ಗಾಜು ಒಡೆದು ನುಗ್ಗಿ, ಭಾವನ ಹೆಗಲು ಮುರಿದು, ಮುಂದಿನ ಸೀಟಿನ ಬೆನ್ನಿಗೆ ಬಡಿಯಿತು. ಭಾವ ಕೂತಿದ್ದ ಕಡೆ ಬಂಡೆಯೇ ಉಳಿದಿರಲಿಲ್ಲ.

ಆಸ್ಪತ್ರೆಗೆ ಓಡಿಬಂದ ಅಕ್ಕ ಗಂಡನ ಊದಿದ ಮುಖ ನೋಡಿ, ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡು ಕೂತಿದ್ದ ತಮ್ಮನ ಕಡೆ ತಿರುಗಿದಳು.

"ಕಲ್ಲು ಎಲ್ಲಿಗೆ ಬಿತ್ತು?"

"ಹೆಗಲಿಗೆ."

"ಮತ್ತೆ ದವಡೆ?"

"ನಾನೇ ಹೊಡೆದೆ ಅಕ್ಕ. ಎಷ್ಟು ಹೇಳಿದ್ರೂ ಇಳೀಲಿಲ್ಲ."

ಅಕ್ಕ ಅವನ ಕೆನ್ನೆಗೆ ಬಾರಿಸಿದಳು. ಮತ್ತೊಮ್ಮೆ ಕೈಯೆತ್ತಿದವಳು ಹೊಲಿಗೆ ಕಂಡು, ಅಲ್ಲೇ ಬೆಂಚಿನ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು. ತಮ್ಮ ಪಕ್ಕದಲ್ಲೇ ಕೂತ. ಏಳು ಎಂದು ಅವಳು ಹೇಳಲಿಲ್ಲ.

ಭಾವ ಮತ್ತೆ ಕ್ವಾರಿಗೆ ಹೋಗಲಿಲ್ಲ. ಆ ದಿನದ ಮಾತನ್ನು ಇಬ್ಬರೂ ಎತ್ತುವುದಿಲ್ಲ. ಅಕ್ಕ ಊಟಕ್ಕೆ ಕರೆದರೆ ಮೇಸ್ತ್ರಿ ಹೋಗುತ್ತಾನೆ, ಭಾವನ ಪಕ್ಕದಲ್ಲೇ ಕೂರುತ್ತಾನೆ. ಭಾವ ಈಗಲೂ ಒಂದೇ ಕಡೆಯಿಂದ ಅಗಿಯುತ್ತಾನೆ.