ಮೂರನೇ ಮಹಡಿಗೂ ನಾಲ್ಕನೇ ಮಹಡಿಗೂ ನಡುವೆ

ಲಿಫ್ಟು ರಿಪೇರಿಯಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ತೊಟ್ಟಿಲಿನಲ್ಲೇ ನನಗೆ ಕೈ ಮುಗಿದಿರುತ್ತಾನೆ. ಕೆಟ್ಟ ಲಿಫ್ಟು ನನ್ನ ಕೆಮ್ಮು ಕೇಳಿಯೇ ಅರ್ಧ ಸರಿಹೋಗುತ್ತದೆ. ಇಂಥ ನನಗೆ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಮೊದಲ ದಿನ ಚರ್ಚಿನಲ್ಲಿ ಹಣೆಗೆ ಬೂದಿ ಹಚ್ಚುತ್ತಾ ಫಾದರ್ ಹೇಳಿದರು: "ಮಾಂಸ ಬಿಡ್ತೀನಿ ಅಂತ ಬರಬೇಡ ಮಾರಾಯ. ಜಂಬ ಕೊಚ್ಚೋದನ್ನ ಬಿಡು. ಕೆಲಸದ ಮಧ್ಯೆ ದೇವರನ್ನ ಕೂಗಿ ನೋಡು, ಇದ್ದೀಯಾ ಅಂತ."

ಕೂಗಿದ್ದೇ ಕೂಗಿದ್ದು. ಲಿಫ್ಟಿನ ತಳದ ಗುಂಡಿಯಲ್ಲಿ ನಿಂತು ಕೂಗಿದೆ, ತಾರಸಿಯ ಮೋಟಾರು ಕೋಣೆಯಲ್ಲಿ ಕೂಗಿದೆ. ಏಳು ಲೋಕವೂ ಬೆಚ್ಚಿಬಿದ್ದಿರಬೇಕು, ಓಗೊಟ್ಟದ್ದು ಐದನೇ ಮಹಡಿಯ ಅಜ್ಜಿ ಮಾತ್ರ: "ಯಾವನೋ ಅವನು, ನಿದ್ದೆ ಕೆಡಿಸ್ತಿರೋದು?"

ನನ್ನ ಹೆಂಡತಿಗೆ ಉಬ್ಬಸ, ಈ ವರ್ಷ ವಿಪರೀತ. ನಾನು ಕೂಗುತ್ತಿದ್ದದ್ದು ಅದಕ್ಕೇ. ಯಾರಿಗೂ ಹೇಳಿರಲಿಲ್ಲ.

ಒಂದು ಮಧ್ಯಾಹ್ನ ಅವಳು ಊಟ ತಂದಳು. ಕೆಳಗಿನಿಂದ ಫೋನು ಮಾಡಿದಾಗ ಜಂಬ ಬಿಡುವ ವ್ರತ ಮರೆತೇಹೋಯಿತು. "ಮೆಟ್ಟಿಲು ಹತ್ತಬೇಡ, ನಾಲ್ಕಕ್ಕೆ ಲಿಫ್ಟಲ್ಲೇ ಬಾ. ನಾನು ಮುಟ್ಟಿದ ಲಿಫ್ಟು ಪ್ರಳಯ ಆದ್ರೂ ನಿಲ್ಲಲ್ಲ!" ನಾಲ್ಕನೇ ಮಹಡಿಯ ಬಾಗಿಲ ಬೀಗದ ಸ್ಕ್ರೂ ಒಂದನ್ನು ಊಟವಾದ ಮೇಲೆ ಬಿಗಿದರಾಯಿತೆಂದು ಸಡಿಲ ಬಿಟ್ಟಿದ್ದೆ. ಬೀಗ ಅಲುಗಿತು, ಬಾಗಿಲು ತೆರೆದಿದೆಯೆಂದುಕೊಂಡ ಲಿಫ್ಟು ಮೂರಕ್ಕೂ ನಾಲ್ಕಕ್ಕೂ ನಡುವೆ ಗಕ್ಕನೆ ನಿಂತಿತು.

ನಾಲ್ಕನೇ ಮಹಡಿಯ ಬಾಗಿಲಿಗೆ ಕಿವಿಯಿಟ್ಟೆ.

"ಏನ್ರೀ... ಪ್ರಳಯ ಬಂತಾ?" ಒಳಗಿನಿಂದ ಅವಳ ದನಿ, ಜೊತೆಗೇ ಸುಂಯ್ ಎನ್ನುವ ಉಸಿರು.

"ಉಬ್ಬಸದ ಪಂಪು ತಂದಿದ್ದೀಯಾ?"

"ಅಡುಗೆಮನೆ ಕಟ್ಟೆ ಮೇಲಿದೆ."

ಪಂಪು ತರಲು ಕಟ್ಟಡದ ಕಾವಲುಗಾರನನ್ನು ಹಿಂದಿನ ಬೀದಿಯ ನಮ್ಮ ಮನೆಗೆ ಓಡಿಸಿದೆ. ನನ್ನ ಎದೆ ಬಡಿತಕ್ಕೆ ಕಟ್ಟಡದ ಗಾಜೆಲ್ಲ ಅದುರಿತು.

"ಮಾತಾಡ್ರೀ. ಇಲ್ಲಿ ಕತ್ತಲೆ."

ಸಿಕ್ಕಿಬಿದ್ದವರಿಗೆ ನಾನು ಕಥೆ ಹೇಳಲು ಶುರುಮಾಡಿದರೆ, ಬಾಗಿಲು ತೆರೆದರೂ ಅವರು ಹೊರಗೆ ಬರುವುದಿಲ್ಲ. ಅವತ್ತು ನಾಲಿಗೆ ಒಣಗಿ ಕೊರಡಾಗಿತ್ತು.

"ಭಯ ಆಗ್ತಿದೆ ಕಣೇ."

"ನಿಮಗಾ?"

"ನಂಗೇ."

"ಅಬ್ಬ, ನಿಜ ಹೇಳಿದ್ರಲ್ಲ! ಹಾಗಾದ್ರೆ ನನ್ನ ಬಿಡಿಸೇ ಬಿಡಿಸ್ತೀರಿ, ಬಿಡಿ."

"ಈಗ ಮೇಲೆ ಹೋಗ್ತೀನಿ. ಅಲ್ಲಿಂದ ನನ್ನ ದನಿ ಕೇಳಲ್ಲ. ಲಿಫ್ಟು ಅಲುಗಿದ್ರೆ ನಾನೇ ತಿರುಗಿಸ್ತಿದ್ದೀನಿ ಅಂತ ತಿಳ್ಕೋ. ನಿಂತ್ರೆ ಕೈ ಬದಲಾಯಿಸ್ತಿದ್ದೀನಿ ಅಂತ. ಅಷ್ಟೇ."

ಮೋಟಾರು ಕೋಣೆಯಲ್ಲಿ ಕರೆಂಟು ತೆಗೆದೆ. ಒಂದು ಕೈಯಲ್ಲಿ ಬ್ರೇಕಿನ ಹಿಡಿ ಎಳೆದು ಹಿಡಿಯಬೇಕು, ಇನ್ನೊಂದರಲ್ಲಿ ಚಕ್ರ ತಿರುಗಿಸಬೇಕು. ಇಬ್ಬರು ಮಾಡುವ ಕೆಲಸ. ಇಡೀ ಸುತ್ತು ತಿರುಗಿಸಿದರೆ ಲಿಫ್ಟು ಬೆರಳಗಲ ಇಳಿಯುತ್ತದೆ. ಕೆಳಗೆ ಅವಳು ಉಸಿರಾಡುತ್ತಿದ್ದಾಳೋ ಇಲ್ಲವೋ, ನನಗೆ ಒಂದೂ ಕೇಳಿಸದು. "ಇದ್ದೀನಿ ಕಣೇ," ಎಂದು ತಿರುಗಿಸಿದೆ. "ಇದ್ದೀನಿ, ಇದ್ದೀನಿ." ಕೇಳಿಸದವಳಿಗೆ ಹೇಳುತ್ತಾ ಹೇಳುತ್ತಾ ಮೈ ಜುಮ್ಮೆಂದಿತು. ಇಷ್ಟು ದಿನ ಇವಳ ಹಾಗೆ ಪೆಟ್ಟಿಗೆಯೊಳಗೆ ಕೂತು ದೇವರನ್ನು ಕೂಗಿದವನು ನಾನು; ಮೇಲೆ ಯಾರ ರಟ್ಟೆ ಹೀಗೆ ನೋಯುತ್ತಿತ್ತೋ! ಯೋಚಿಸಲು ಪುರುಸೊತ್ತಿರಲಿಲ್ಲ. ಕೈ ಸೋತಿತು, ಬದಲಾಯಿಸಿದೆ. ಮತ್ತೆ ಸೋತಿತು.

ಕೊನೆಗೆ ಹಗ್ಗದ ಮೇಲಿನ ಹಳದಿ ಗುರುತು ಬಂತು. ಮಹಡಿಗೆ ಸರಿಯಾಯಿತೆಂದು ಅರ್ಥ.

ಮೂರನೇ ಮಹಡಿಗೆ ಇಳಿದು, ಕೀಲಿ ಹಾಕಿ ಬಾಗಿಲು ತೆರೆದೆ. ಅವಳು ಗೋಡೆಗೊರಗಿ ಕುಳಿತಿದ್ದಳು, ತುಟಿ ನೀಲಿ, ಮಡಿಲಲ್ಲಿ ಊಟದ ಕ್ಯಾರಿಯರ್. ಕಾವಲುಗಾರ ತಂದ ಪಂಪನ್ನು ಎರಡು ಸಲ ಎಳೆದುಕೊಂಡಳು. ತುಟಿಗೆ ಬಣ್ಣ ಬರುವ ತನಕ ನಾನು ಉಸಿರಾಡಲಿಲ್ಲ, ಇದು ಉತ್ಪ್ರೇಕ್ಷೆಯಲ್ಲ.

"ನಡುನಡುವೆ ನಿಂತಾಗ ಹೆದರಿಕೆ ಆಗ್ಲಿಲ್ವಾ?" ಎಂದೆ.

"ಆಯ್ತು," ಎಂದಳು. "ಪಾಪ, ಕೈ ನೋಯ್ತಿರಬೇಕು ಅಂದ್ಕೊಂಡೆ."

ಊಟಕ್ಕೆ ಮೊದಲು ಹೋಗಿ ಆ ಸ್ಕ್ರೂ ಬಿಗಿದೆ.