ಒಂಬತ್ತು ಏಣಿ

ಐವತ್ತೈದು ಮೀಟರ್ ಎತ್ತರದ ಕ್ರೇನಿನ ಕ್ಯಾಬಿನ್ನಿನಲ್ಲಿ ಹದಿನೆಂಟು ವರ್ಷ ಕೂತು ಮೈಮೇಲೆ ಒಂದು ಗೀರೂ ಮಾಡಿಕೊಳ್ಳದವನು, ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡ. ಕಟ್ಟಡದ ಕೆಲಸದವರು ಅವನನ್ನು ಹದ್ದು ಎಂದು ಕರೆಯುತ್ತಿದ್ದರು. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ ಏಳು ತಿಂಗಳು ಓಡಾಡಿದ ಹದ್ದಿನ ತೂಕ ಹದಿನಾಲ್ಕು ಕಿಲೋ ಏರಿತ್ತು.

ಮೂಳೆ ಕೂಡಿದೆ ಎಂದು ಡಾಕ್ಟರು ಬರೆದುಕೊಟ್ಟರು. ಸುರಕ್ಷತಾ ಅಧಿಕಾರಿ ಆ ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡ. "ಏಣಿ ಹತ್ತೋದು ಕಾಗದ ಅಲ್ಲ, ನೀನು. ಒಂಬತ್ತು ಏಣಿ, ಹನ್ನೆರಡು ನಿಮಿಷ. ಮೇಲೆ ಕೂರೋ ಹಾಗಿಲ್ಲ, ತಕ್ಷಣ ಇಳೀಬೇಕು. ಅದಕ್ಕೆ ಹತ್ತು ನಿಮಿಷ."

"ಆಗದಿದ್ರೆ?"

"ಕೆಳಗೆ ನಿಂತು ಕ್ರೇನಿಗೆ ಬಾವುಟ ತೋರಿಸ್ತೀಯ. ಮೇಲೆ ಇನ್ನೊಬ್ಬರು ಕೂರ್ತಾರೆ."

ಪರೀಕ್ಷೆಗೆ ಇಪ್ಪತ್ತೊಂದು ದಿನವಿತ್ತು. ಹದ್ದಿಗೆ ಆ ಕ್ಯಾಬಿನ್ ಬಿಟ್ಟರೆ ಬೇರೆ ಯಾವ ಜಾಗದಲ್ಲೂ ಮನಸ್ಸು ನಿಲ್ಲುತ್ತಿರಲಿಲ್ಲ. ಮನೆಯಲ್ಲಿ ಕಿಟಕಿ ತೆರೆಯುವನು, ಮುಚ್ಚುವನು. ಟೀವಿ ಹಾಕುವನು, ಆರಿಸುವನು. ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದ ಹೆಂಡತಿಗೆ ಅದನ್ನು ನೋಡಿ ನೋಡಿ ಸೂಜಿ ಬೆರಳಿಗೆ ಚುಚ್ಚುವಂತಾಗಿತ್ತು. "ನೆಟ್ಟಗೆ ಹೋಗಿ ಮೆಟ್ಟಿಲಾದ್ರೂ ಹತ್ತಿ. ನನ್ನ ಪ್ರಾಣ ತಿನ್ನಬೇಡಿ," ಎಂದಳು.

ಅವರ ಮನೆ ಹನ್ನೊಂದನೇ ಮಹಡಿಯಲ್ಲಿತ್ತು. ಮೊದಲ ದಿನ ನಾಲ್ಕನೇ ಮಹಡಿಗೆ ಬರುವಷ್ಟರಲ್ಲಿ ಬಾಯಿ ಒಣಗಿ, ಎದೆ ಕಿವಿಯಲ್ಲೇ ಹೊಡೆದುಕೊಳ್ಳತೊಡಗಿತು. ಯಾರದೋ ಮನೆಯ ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂತುಬಿಟ್ಟ. ಅದು ಮುರಿಯಿತು. ಕ್ಷಮೆ ಕೇಳಿ, ಲಿಫ್ಟಿನಲ್ಲಿ ಮೇಲೆ ಬಂದ.

ಬಾಗಿಲಲ್ಲೇ ಅಡುಗೆಮನೆಯ ಗಡಿಯಾರ ಹಿಡಿದು ಕೂತಿದ್ದ ಅತ್ತೆ ಕೇಳಿದಳು: "ಲಿಫ್ಟಲ್ಲಿ ಬರೋಕೆ ಇಪ್ಪತ್ತು ನಿಮಿಷವೇ ಅಳಿಯಂದಿರೇ? ಅಟ್ಟಕ್ಕೆ ಹಾರದವನು ಬೆಟ್ಟಕ್ಕೆ ಹಾರಿಯಾನೆ ಅಂತ ಸುಮ್ನೆ ಹೇಳಿಲ್ಲ."

ಅತ್ತೆಯ ಬಾಯಿಗೆ ಹೆದರಿಯೇ ಮರುದಿನ ಐದು ಮಹಡಿ ಹತ್ತಿದ. ವಾರದ ಹೊತ್ತಿಗೆ ಎಂಟು. ಹತ್ತನೇ ದಿನ ಹನ್ನೊಂದು ಮುಟ್ಟಿ ಬಾಗಿಲ ಚೌಕಟ್ಟು ಹಿಡಿದು ನಿಂತಾಗ ಹೊಟ್ಟೆಯಲ್ಲಿದ್ದ ಟೀ ಗಂಟಲಿಗೆ ಬಂದಿತ್ತು. ಆಮೇಲೆ ಅದು ಹಟವಾಯಿತು. ಹತ್ತುವುದು, ಲಿಫ್ಟಿನಲ್ಲಿ ಕೆಳಗೆ ಹೋಗುವುದು, ಮತ್ತೆ ಹತ್ತುವುದು. ಬೆಳಿಗ್ಗೆ ಮೂರು ಸಲ, ಸಂಜೆ ಮೂರು ಸಲ.

"ಇಳಿಯೋದೂ ಮಾಡಪ್ಪಾ," ಎಂದಳು ಅತ್ತೆ. ಅವಳ ಎರಡೂ ಮಂಡಿ ಸವೆದು ಹತ್ತು ವರ್ಷವಾಗಿತ್ತು. "ಹತ್ತೋದು ಉಸಿರಿನ ಕೆಲಸ. ಮಂಡಿಗಿರೋ ಕೆಲಸ ಇಳಿಯೋದೇ."

"ಇಳಿಯೋದೇನು ಅತ್ತೆ, ಕಲ್ಲೂ ಇಳಿಯುತ್ತೆ."

ಅವನ ಮಾತಿನ ಹಿಂದೆ ಹದಿನೆಂಟು ವರ್ಷದ ಅನುಭವವಿತ್ತು. ಬೆಳಿಗ್ಗೆ ಹತ್ತಿದರೆ ಅವನು ಇಳಿಯುತ್ತಿದ್ದುದು ಸಂಜೆಗೆ. ಊಟ ಕೂಡ ಕ್ಯಾಬಿನ್ನಿನಲ್ಲೇ. ನಡುವೆ ಎಂಟು ಗಂಟೆ ಕಾಲಿಗೆ ಕುರ್ಚಿಯ ವಿಶ್ರಾಂತಿ. ಹತ್ತಿದ ಕಾಲಲ್ಲೇ ಇಳಿಯುವುದು ಹೇಗಿರುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ. ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ.

ಪರೀಕ್ಷೆಯ ದಿನ ಸೊಂಟಕ್ಕೆ ಪಟ್ಟಿ ಕಟ್ಟಿ, ಕೊಕ್ಕೆ ಸಿಕ್ಕಿಸಿ ಹೊರಟ. ಆರನೇ ಏಣಿಯಲ್ಲಿ ಕಣ್ಣಿಗೆ ಬೆವರಿಳಿದು ಉರಿಯಿತು. ಏಳರಲ್ಲಿ ಯಾರೋ ಬೆನ್ನ ಮೇಲೆ ಕೂತಂತಾಯಿತು. ಆ ಹದಿನಾಲ್ಕು ಕಿಲೋದಲ್ಲಿ ಇಳಿದಿದ್ದು ಐದೇ. ಹನ್ನೊಂದು ನಿಮಿಷ ಇಪ್ಪತ್ತು ಸೆಕೆಂಡಿಗೆ ಕ್ಯಾಬಿನ್ನಿನ ಹಿಡಿಕೆ ಕೈಗೆ ಸಿಕ್ಕಿತು. ಗಾಜಿನಾಚೆ ಅವನ ಹಳೇ ಕುರ್ಚಿ. ಅದರ ಮೇಲೆ ಬೇರೆಯವರ ದಿಂಬು.

ಎದೆಗೆ ಸಿಕ್ಕಿಸಿಕೊಂಡಿದ್ದ ರೇಡಿಯೋದಲ್ಲಿ ಅಧಿಕಾರಿಯ ದನಿ ಗೊರಗುಟ್ಟಿತು. "ಒಳಗೆ ಹೋಗ್ಬೇಡ. ಇಳಿ."

ಮೊದಲ ಏಣಿ ಸಲೀಸು. ಎರಡನೆಯದರಲ್ಲಿ ತೊಡೆ ಬಿಸಿಯಾಯಿತು. ಮೂರನೆಯದರ ನಡುವೆ ಬಲಗಾಲು ಹೆಂಡತಿಯ ಹೊಲಿಗೆ ಯಂತ್ರದ ಸೂಜಿಯ ಹಾಗೆ ಕುಣಿಯತೊಡಗಿತು. ಮೆಟ್ಟಿಲ ಮೇಲೆ ಪಾದ ಇಡುತ್ತಿದ್ದಾನೆ, ಆದರೆ ಪಾದ ಅವನ ಮಾತು ಕೇಳುತ್ತಿಲ್ಲ. ನಾಲ್ಕನೇ ಏಣಿ ಇಳಿಯುವಾಗ ಕಾಲು ಒಮ್ಮೆ ತಪ್ಪಿತು. ಕೈ ಹಿಡಿದಿತ್ತು, ಬಚಾವಾದ.

ಎರಡು ಏಣಿಗಳ ನಡುವಿನ ಕಬ್ಬಿಣದ ಅಟ್ಟಣೆಯ ಮೇಲೆ ನಿಂತು ಕೆಳಗೆ ನೋಡಿದ. ಇನ್ನೂ ಐದು ಏಣಿ. ಆರು ನಿಮಿಷ ಉಳಿದಿತ್ತು. ಹಲ್ಲು ಕಚ್ಚಿ ಹೊರಟರೆ ಆಗಲೂಬಹುದು. ಮೂರು ವಾರದಿಂದ ಹಲ್ಲು ಕಚ್ಚುವುದನ್ನಲ್ಲದೆ ಅವನು ಬೇರೇನು ಮಾಡಿದ್ದ? ಆದರೆ ಮನೆಯ ಮೆಟ್ಟಿಲಲ್ಲಿ ಸೋತರೆ ಮುರಿಯುವುದು ಯಾರದೋ ಚಪ್ಪಲಿ ಸ್ಟ್ಯಾಂಡು. ಇಲ್ಲಿ ಕೆಳಗೆ ಜನ ಓಡಾಡುತ್ತಿದ್ದರು.

ಕೊಕ್ಕೆಯನ್ನು ಕಂಬಿಗೆ ಹಾಕಿ ಕೂತ. ರೇಡಿಯೋ ಒತ್ತಿದ. "ಕಾಲು ನಡುಗ್ತಿದೆ. ನಡುಕ ನಿಂತ ಮೇಲೇ ಇಳೀತೀನಿ."

"ಟೈಮ್ ಓಡ್ತಿದೆ."

"ಓಡ್ಲಿ. ನನಗೆ ಓಡಕ್ಕಾಗಲ್ಲ."

ಕೆಳಗೆ ಬಂದಾಗ ಇಳಿಯುವುದಕ್ಕೇ ಹದಿನಾಲ್ಕು ನಿಮಿಷವಾಗಿತ್ತು. ಅಧಿಕಾರಿ ಹಾಳೆಯ ಮೇಲೆ 'ಇಲ್ಲ' ಎಂದು ಬರೆದ. ಪೆನ್ನಿನ ಮುಚ್ಚಳ ಹಾಕಲಿಲ್ಲ.

"ಇಲ್ಲೀವರೆಗೆ ಎಲ್ರೂ ಬಿದ್ದ ಮೇಲೇ ಹೇಳಿದ್ದು, ಕಾಲು ನಡುಗ್ತಿತ್ತು ಅಂತ," ಎಂದ. ಆಮೇಲೆ ಕೆಳಗೆ ಇನ್ನೊಂದು ದಿನಾಂಕ ಬರೆದ, ಹದಿನೈದು ದಿನದ ಆಚೆಯದು. "ಇದೇ ಕೊನೆ. ಅಲ್ಲೀವರೆಗೆ ಬಾವುಟ."

ಮಧ್ಯಾಹ್ನವೆಲ್ಲ ಬಾವುಟ ಹಿಡಿದು ನಿಂತ. ಮೇಲೆ ಕ್ಯಾಬಿನ್ನಿನಲ್ಲಿದ್ದವರು ಕ್ರೇನಿನ ತೋಳನ್ನು ಚೂರು ಜೋರಾಗಿ ತಿರುಗಿಸಿದಾಗಲೆಲ್ಲ ಅವನ ಎಡಗೈ ತಾನಾಗಿಯೇ ಗಾಳಿಯಲ್ಲಿ ಹಿಡಿಕೆ ಎಳೆಯುತ್ತಿತ್ತು. ಪಕ್ಕದ ಗಾರೆಯವನು ಕೇಳಿದ, "ಏನ್ ಹದ್ದಣ್ಣ, ನೊಣ ಓಡಿಸ್ತಿದ್ಯಾ?"

ಮನೆಗೆ ಬಂದವನ ಮುಖ ನೋಡಿ ಹೆಂಡತಿ ಟೀ ಇಟ್ಟಳು. ಅತ್ತೆ ಕೇಳಿದಳು. "ಕಲ್ಲು ಇಳೀತಾ?"

"ಅರ್ಧ ಇಳಿದು ಕೂತ್ಕೊಳ್ತು ಅತ್ತೆ."

"ಪುಣ್ಯ. ಉರುಳಿಲ್ಲವಲ್ಲ." ಗಡಿಯಾರ ತೆಗೆದುಕೊಂಡು, ಮಂಡಿ ಹಿಡಿದು ಎದ್ದಳು. "ಬಾ. ನಿಧಾನಕ್ಕೆ, ಪೂರ್ತಿ ಪಾದ ಊರಿ. ಧೊಪ್ ಅಂತ ಶಬ್ದ ಬಂದ್ರೆ ಲೆಕ್ಕಕ್ಕಿಲ್ಲ. ಹೋಗೋವಾಗ ಲಿಫ್ಟ್ ಇಲ್ಲ, ಬರೋವಾಗ್ಲೂ ಇಲ್ಲ."

"ಟೀ ಕುಡೀಲಿ ಬಿಡಮ್ಮ, ಕಾಲು ಇನ್ನೂ ನಡುಗ್ತಿದೆ ಅವರಿಗೆ," ಎಂದಳು ಹೆಂಡತಿ.

"ಈಗ ಕೂತ್ರೆ ಏಳಲ್ಲ ನಾನು," ಎಂದು ಹದ್ದು ಆಗಲೇ ಕಂಬಿ ಹಿಡಿದು ಮೊದಲ ಮೆಟ್ಟಿಲಿಗೆ ಕಾಲು ಇಳಿಬಿಟ್ಟಿದ್ದ.

ಧೊಪ್ ಎಂದಿತು.

"ಲೆಕ್ಕಕ್ಕಿಲ್ಲ," ಎಂದಳು ಅತ್ತೆ.