ನಾಲ್ಕು ಗಾಜಿಗೂ ಭಂಡಾರ

ಭಂಡಾರ ಹಚ್ಚಿದವನು ಗೋವಿಂದಪ್ಪನೇ. ಬೇರೆ ಯಾರ ಮೇಲೂ ಗೂಬೆ ಕೂರಿಸುವ ಹಾಗಿರಲಿಲ್ಲ.

ಮದಕರಿಪುರದ ಕುರಿಗಾರ ಅವನು. ಹೆಂಡತಿ ಸಿದ್ದಕ್ಕನ ಥೈರಾಯ್ಡ್ ಗಂಟು ಮೂರೇ ವಾರದಲ್ಲಿ ನಿಂಬೆಹಣ್ಣಿನಷ್ಟಿದ್ದದ್ದು ಮೂಸಂಬಿಯಷ್ಟಾಗಿ, ದನಿ ಕುಗ್ಗಿ, ಉಸಿರು ಸಿಳ್ಳೆ ಹಾಕತೊಡಗಿದಾಗ ಚಿತ್ರದುರ್ಗದ ಆಸ್ಪತ್ರೆಗೆ ಸೇರಿಸಿದ್ದ. ಡಾಕ್ಟರ್ ಜಯಶೀಲಾ ಗಂಟಿಗೆ ಸೂಜಿ ಚುಚ್ಚಿ, ಬಂದದ್ದನ್ನು ಗಾಜಿನ ಪಟ್ಟಿಗಳ ಮೇಲೆ ಸವರಿ, ಕೆಲವಕ್ಕೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದ್ದರು.

"ಅಪರೂಪದ ಗಡ್ಡೆ ಇದು ಗೋವಿಂದಪ್ಪ. ಎರಡು ಕಾಯಿಲೆ ಒಂದೇ ಥರ ಕಾಣ್ತವೆ. ಒಂದಾದ್ರೆ ಔಷಧಿಗೆ ಕರಗುತ್ತೆ, ಬದುಕ್ತಾರೆ. ಇನ್ನೊಂದಾದ್ರೆ ನಮ್ಮ ಕೈಲಿ ಏನೂ ಇಲ್ಲ. ಬೆಂಗಳೂರಲ್ಲಿ ಬೇರೆ ಬಣ್ಣ ಹಾಕಿ ನೋಡಿದ್ರೆ ಮಾತ್ರ ಗೊತ್ತಾಗೋದು."

ಬಣ್ಣ ಹಾಕದ ನಾಲ್ಕು ಗಾಜುಗಳನ್ನು ಡಬ್ಬಿಯಲ್ಲಿಟ್ಟು, ಬೆಂಗಳೂರಿನ ಲ್ಯಾಬಿಗೆ ಮುಟ್ಟಿಸಲು ಅವನ ಕೈಗೇ ಕೊಟ್ಟರು. ಬೀಳಿಸಬೇಡಿ, ನೀರು ತಾಗಿಸಬೇಡಿ ಎಂದರು. ದೇವರಿಗೆ ತೋರಿಸಬೇಡಿ ಎಂದು ಯಾವ ಡಾಕ್ಟರ್ ತಾನೇ ಹೇಳುತ್ತಾರೆ?

ಹಿರಿಯೂರು ಬಂದಾಗ ಅವನಿಗೆ ಬಸ್ಸಿನಲ್ಲಿ ಕೂರಲಾಗಲಿಲ್ಲ. ಮನೆದೇವರು ಬೀರಪ್ಪನ ಗುಡಿ ಅಲ್ಲೇ ಪಕ್ಕದ ಹಳ್ಳಿಯಲ್ಲಿತ್ತು. ಇಳಿದ. ಹುಟ್ಟಿದ ಮರಿಗೂ, ಹೊಸ ಕಂಬಳಿಗೂ, ವಲಸೆ ಹೊರಟ ಮಂದೆಗೂ ದೇವರ ಭಂಡಾರದ ಅರಿಶಿನ ಹಚ್ಚದೆ ಅವರ ಮನೆಯಲ್ಲಿ ಯಾವ ಕೆಲಸವೂ ನಡೆದದ್ದಿಲ್ಲ. ಹೆಂಡತಿಯ ಜೀವವೇ ಕೂತಿರುವ ಗಾಜಿಗೆ ಹಚ್ಚದೆ ಇರುವುದು ಹೇಗೆ? ಹೆಬ್ಬೆರಳಿಗೆ ಭಂಡಾರ ತಗೊಂಡು, ಹಣೆಗೆ ಹಚ್ಚುವ ಹಾಗೆ ಒಂದೊಂದರ ಮೇಲೂ ಒತ್ತಿ ತೀಡಿದ. ಪಾಪ, ಅಲ್ಲಿಂದ ಬೆಂಗಳೂರಿಗೆ ಹೋಗುವಷ್ಟು ಹೊತ್ತು ನೆಮ್ಮದಿಯಾಗಿ ನಿದ್ದೆ ಮಾಡಿದ.

ಲ್ಯಾಬಿನವರು ಡಬ್ಬಿ ತೆರೆದವರೇ ಜಯಶೀಲಾಗೆ ಫೋನ್ ಮಾಡಿದರು.

"ಒಂದನ್ನಾದ್ರೂ ಬಿಟ್ಟಿದ್ರಾ?" ಮರುದಿನ ಚಿತ್ರದುರ್ಗದ ವಾರ್ಡಿನಲ್ಲಿ ಡಾಕ್ಟರ್ ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ.

"ಒಂದಕ್ಕೆ ಹಚ್ಚಿ ಒಂದಕ್ಕೆ ಬಿಡಾದು ಹೆಂಗ್ರಿ ಮೇಡಂ?"

ತೀಡಿದ ಬೆರಳಿಗೆ ಗಾಜಿನ ಮೇಲಿದ್ದ ಜೀವಕೋಶಗಳೆಲ್ಲ ಎದ್ದು ಹೋಗಿದ್ದವು. ಇವತ್ತೇ ಮತ್ತೆ ಚುಚ್ಚಬೇಕು, ಮಲಗಿಸಿದರೆ ಉಸಿರು ಕಟ್ಟುತ್ತದೆ, ಕೂತ ಹಾಗೆಯೇ ಅವರ ತಲೆ ಹಿಡಿದುಕೊಳ್ಳಿ ಎಂದರು.

"ಮೊನ್ನೆ ತಗಂಡಿದ್ದು ಏನಾತು?" ಸಿದ್ದಕ್ಕ ಪಿಸುಗುಟ್ಟಿದಳು.

ಸುಳ್ಳು ಹೇಳಲು ಅವನಿಗೆ ಬಾಯಿ ಬರಲಿಲ್ಲ. "ನಾನೇ ಕೆಡಿಸ್ದೆ ಕಣೇ. ಭಂಡಾರ ಹಚ್ಬಿಟ್ಟೆ."

ಅವಳು ಅವನನ್ನೇ ನೋಡಿದಳು. "ನನ್ನ ಹೆಸ್ರು ಹೇಳಿ ಹಚ್ಚಿದ್ಯಾ?"

"ಹೂಂ."

ಅವಳು ಗದ್ದ ಎತ್ತಿ ಕುತ್ತಿಗೆ ಕೊಟ್ಟಳು.

ಮೊದಲ ಸಲ ಸಿರಿಂಜಿಗೆ ಬರೀ ರಕ್ತ ಬಂತು. ಎರಡನೇ ಸಲವೂ ಅಷ್ಟೇ. ಸಿದ್ದಕ್ಕನ ತುಟಿ ಕಪ್ಪಿಟ್ಟಿತು. ಕೈಯಿಂದ ಗಂಡನನ್ನು ತಳ್ಳತೊಡಗಿದಳು. "ಬಿಡು... ಉಸ್ರಿಲ್ಲ... ಬಿಡು..."

ಡಾಕ್ಟರ್ ನಿಂತರು. "ಇನ್ನೊಂದೇ ಸಲ ಗೋವಿಂದಪ್ಪ. ಅದಕ್ಕಿಂತ ಹೆಚ್ಚು ಅವ್ರು ತಡೆಯಲ್ಲ. ಇದನ್ನೂ ತಡೀತಾರೆ ಅಂತ ನಾನು ಮಾತು ಕೊಡಲಾರೆ. ಬೇಡ ಅಂದ್ರೆ ಬಿಟ್ಬಿಡ್ತೀನಿ."

ಬಿಟ್ಟರೆ ಕಾಯಿಲೆ ಯಾವುದೆಂದೇ ತಿಳಿಯದೆ ಹೋಗಿಬಿಡುತ್ತಾಳೆ. ಹಿಡಿದರೆ ತನ್ನ ಕೈಯಲ್ಲೇ ಹೋದಾಳು. ಸಿದ್ದಕ್ಕನ ಉಗುರು ಗೋವಿಂದಪ್ಪನ ಮೊಣಕೈಗೆ ನಾಟಿ ರಕ್ತ ಬರುತ್ತಿತ್ತು. ಬಿಡು ಎಂದು ಹೇಳಲು ಅವಳಿಗೀಗ ದನಿಯೂ ಉಳಿದಿರಲಿಲ್ಲ.

ಅವಳ ಕಣ್ಣು ತಪ್ಪಿಸಿ, ತಲೆಯನ್ನು ಎದೆಗೆ ಬಿಗಿಯಾಗಿ ಒತ್ತಿಕೊಂಡ.

"ಹಿಡ್ಕಂಡಿದೀನಿ," ಎಂದ. "ಚುಚ್ರಿ."